ಗುಂಯ್‌ಗುಡುವ ಮೈಕ್

ಮರವಂತೆಯ ಕಡಲ ದಂಡೆಯಲ್ಲಿ ವಾಲಿಬಾಲ್ ಫೈನಲ್. ಬೈಂದೂರಿನವರಿಗೂ ಕಿರಿಮಂಜೇಶ್ವರದವರಿಗೂ ಪಂದ್ಯ. ಮುಂಬಯಿಯ ಸೌಂಡ್ ಅಂಗಡಿ ಬಿಟ್ಟು ಊರಿಗೆ ಬಂದ ಅಶೋಕನಿಗೆ ಸ್ವಂತ ಮೈಕ್ ಸೆಟ್ಟಿನ ಮೊದಲ ದೊಡ್ಡ ಕೆಲಸ ಅದು. ಮಧ್ಯಾಹ್ನದ ಪಂದ್ಯಗಳಲ್ಲೆಲ್ಲ ಮೈಕ್ ಚೆನ್ನಾಗಿಯೇ ಇತ್ತು. ಮುಸ್ಸಂಜೆಗೆ ಫೈನಲ್ ಶುರುಮಾಡಲೆಂದು ಅಂಕಣದ ದೀಪ ಹತ್ತಿದ್ದೇ ತಡ, ಸ್ಪೀಕರ್ ಗುಂಯ್ ಎನ್ನತೊಡಗಿತು. ಆಟದ ವಿವರಣೆ ಕೊಡಲು ಕುಳಿತಿದ್ದ ಮೀನು ವ್ಯಾಪಾರಿ ಕುಷ್ಟನ ಮಾತು ಅದರಲ್ಲೇ ಮುಳುಗಿಹೋಯಿತು.

"ಹ್ವಾಯ್ ಅಶೋಕ, ನಿನ್ನ ಪೆಟ್ಟಿಗೆಯೊಳ್ಗೆ ಜೇನ್ ಕೂತಿತ್ತಾ ಎಂತ?" ಎಂದ ಕುಷ್ಟ.

ಜನ ನಕ್ಕರು. ಅಶೋಕ ಬೆವರುತ್ತ ಹಳೆಯ ಮೈಕ್ ತಂತಿ ಬಿಚ್ಚಿ, ಮುಂಬಯಿಯಿಂದ ತಂದಿದ್ದ ಬೆಳ್ಳಿ ಲೇಪದ ದಪ್ಪ ತಂತಿಯನ್ನು ಅದೇ ದೀಪದ ಕಂಬಗಳ ಮೇಲೆ ಎಳೆದ.

"ಕರೆಂಟ್ ತಂತಿಯ ಚರ್ಮದ ಮೇಲೇ ಹೋಪ್ದ್ ಅಂಬ್ರ್. ಅದ್ಕೇ ಹೊರ್ಗೆ ಬೆಳ್ಳಿ," ಎಂದು ತಂಗಿ ದಿವ್ಯಾಗೆ ಹೇಳಿದ.

ದಿವ್ಯಾ ಕುಂದಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಳು. "ಸುಳ್ಳಲ್ಲ ಅಣ್ಣ. ಆದ್ರೆ ಅದ್ ರೇಡಿಯೋ ಅಲೆಯಂಗೆ ಭಾರೀ ಬೇಗ ನಡ್ಗುವ ಕರೆಂಟಿಗೆ ಮಾತ್ರ. ಕುಷ್ಟಣ್ಣನ ಸ್ವರ ತಂತಿ ಇಡೀ ತುಂಬ್ಕಂಡೇ ಹೋತ್ತ್."

ಹೊಸ ತಂತಿಯಲ್ಲೂ ಅದೇ ಗುಂಯ್. ಅಶೋಕ ಮರಳಿನ ಮೇಲೆ ಕುಸಿದ. ಆಗ ದಿವ್ಯಾಗೆ ಥಟ್ಟನೆ ಹೊಳೆಯಿತು: ಆಂಪ್ಲಿಫೈಯರ್ ನಡೆಯುವುದು ಬ್ಯಾಟರಿಯಲ್ಲಿ, ದೀಪಗಳಷ್ಟೇ ಜನರೇಟರಿನಲ್ಲಿ.

"ಜನರೇಟರ್ ಒಂದ್ ಗಳ್ಗೆ ನಿಲ್ಸ್ ಕಾಂಬ."

ನಿಲ್ಲಿಸಿದರು. ದಂಡೆ ಕತ್ತಲಾಯಿತು, ಜನ ಕೂಗಿದರು, ಗುಂಯ್ ಮಾಯವಾಗಿತ್ತು. ದಿವ್ಯಾಳ ಮೈ ಜುಂ ಎಂದಿತು. ಟಾರ್ಚ್ ಹಿಡಿದು ತಂತಿಯ ಜಾಡಿನಲ್ಲೇ ಓಡಿದಳು. ಕಂಬದಿಂದ ಕಂಬಕ್ಕೆ ಮೈಕ್ ತಂತಿಯೂ ದೀಪದ ತಂತಿಯೂ ಒಂದೇ ಕಟ್ಟಿನಲ್ಲಿ ಅಂಟಿಕೊಂಡು ಸಾಗಿದ್ದವು.

"ಅಣ್ಣಾ, ಇಲ್ ಕಾಣ್. ದೀಪದ್ ಕರೆಂಟ್ ಏರಿಳಿವಾಗ ಅದ್ರ ಸುತ್ತ ಕಾಂತದ ಬಲವೂ ಏರಿಳಿತ್ತ್. ಅದೇ ನಮ್ಮ ತಂತಿಯೊಳ್ಗೆ ಕರೆಂಟ್ ಹುಟ್ಸಿ ಗುಂಯ್ ಅಂತ್ತ್. ಬೇರೆ ಮಾಡ್ವ, ಬಾ."

ಇಬ್ಬರೂ ಸರಸರನೆ ಕಟ್ಟು ಬಿಚ್ಚಿ, ಮೈಕ್ ತಂತಿಯನ್ನು ಅಂಕಣದ ಆಚೆ ಬದಿಯಿಂದ ತಂದರು. ದಾಟಲೇಬೇಕಾದ ಒಂದು ಕಡೆ ಮಾತ್ರ ದೀಪದ ತಂತಿಯ ಉದ್ದಕ್ಕೆ ಅಂಟದಂತೆ ಅಡ್ಡಲಾಗಿ ದಾಟಿಸಿದರು. ದೀಪ ಹತ್ತಿತು. ಸದ್ದು ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ದಿವ್ಯಾಳ ಮುಖ ಸಪ್ಪಗಾಯಿತು.

ಈ ಸಲ ಎದ್ದವನು ಅಶೋಕ. ಆಂಪ್ಲಿಫೈಯರಿನ ಬಳಿ ಮೈಕ್ ತಂತಿಯ ಪಿನ್ನು ಹಿಡಿದು ಮೆಲ್ಲನೆ ಅಲುಗಿಸಿದ. ಸದ್ದು ಏರಿತು, ಇಳಿಯಿತು. "ಸಿಕ್ತ್, ತಂಗಿ. ತಂತಿಗೆ ಸುತ್ತಿದ, ಹೊರ್ಗಿನ ಗುಂಯ್ ತಡೆವ ಲೋಹದ ಜಾಲ್ರಿ ಪಿನ್ನಿಂದ ಬಿಟ್ಕಂಡಿತ್ತ್." ಕಾದ ಬೆಸುಗೆ ಕಡ್ಡಿ ಒತ್ತಿದ, ಚುಂಯ್ ಎಂದು ಹೊಗೆ ಎದ್ದಿತು. ಆಮೇಲೆ ಸ್ಪೀಕರಿನಲ್ಲಿ ಏನೂ ಇಲ್ಲ, ಮೈಕಿಗೆ ಬಡಿಯುವ ಕಡಲ ಗಾಳಿಯೊಂದೇ.

"ಮೊದಲ ಸರ್ವಿಸ್ ಬೈಂದೂರಿಂದ್," ಎಂದ ಕುಷ್ಟ. ಹೆದ್ದಾರಿಯ ಆಚೆ, ಹೊಳೆಯ ಬದಿಯಲ್ಲಿ ನಿಂತವರೂ ಹೋ ಎಂದರು. ಅಣ್ಣ ತಂಗಿ ಒಬ್ಬರ ಕೈ ಒಬ್ಬರು ಹಿಡಿದು ಕುಣಿದೇಬಿಟ್ಟರು.

"ಬಪ್ಪ ವಾರ ಬ್ರಹ್ಮಾವರದಲ್ಲಿ ಒಂದ್ ಕೆಲ್ಸ ಇತ್ತ್. ನೀನೂ ಬತ್ತ್ಯಾ?" ಕೇಳಿದ ಅಶೋಕ.

"ಬತ್ತೆ," ಎಂದಳು ದಿವ್ಯಾ, ಚೆಂಡಿನಿಂದ ಕಣ್ಣು ತೆಗೆಯದೆ.