ಸುಡು ಅಲ್ಲ, ಸುಡೊ

ಹೊಸ ಪ್ರಿಂಟರನ್ನು ಡಬ್ಬದಿಂದ ತೆಗೆದು ಮೇಜಿನ ಮೇಲಿಟ್ಟು ವೈರು ಚುಚ್ಚಿದ್ದಾಗಿತ್ತು. ಲ್ಯಾಪ್‌ಟಾಪ್ ಮಾತ್ರ ಪ್ರಿಂಟರಿನ ಗುರುತೇ ಇಲ್ಲದಂತೆ ಸುಮ್ಮನೆ ಕೂತಿತ್ತು.

ಸೌಮ್ಯ ಗಡಿಯಾರ ನೋಡಿದಳು. ಸಂಜೆ ಕಡೂರಿನ ಅಂಗಡಿಯ ಷಡಕ್ಷರಿ ಓಮ್ನಿಯಲ್ಲಿ ಅಜ್ಜಂಪುರ ಹಾಯ್ದು ಹೋಗುವವನಿದ್ದ. ಅವಳ ಅಗಸೆ ಚಟ್ನಿಪುಡಿಯನ್ನು ಅಂಗಡಿಯಲ್ಲಿಡಲು ಒಪ್ಪಿದ್ದ, ಒಂದು ಮಾತಿನ ಮೇಲೆ: "ಲೇಬಲ್ ಇರ್ಬೇಕು ಅಕ್ಕಾ. ಹೆಸರಿಲ್ಲದ ಪೊಟ್ಟಣ ನಾನು ಮುಟ್ಟಲ್ಲ." ಪೊಟ್ಟಣಗಳು ಬುಟ್ಟಿಯಲ್ಲಿ ಸಿದ್ಧವಾಗಿದ್ದವು. ಲೇಬಲ್ಲೂ ಪರದೆಯ ಮೇಲೆ ಸಿದ್ಧವಾಗಿತ್ತು. ಹಳದಿ ಅಂಚಿನೊಳಗೆ 'ಸೌಮ್ಯ ಚಟ್ನಿಪುಡಿ, ಅಜ್ಜಂಪುರ'. ಮದುವೆಯ ಲಗ್ನಪತ್ರಿಕೆ ಬಿಟ್ಟರೆ ತನ್ನ ಹೆಸರು ಎಲ್ಲೂ ಅಚ್ಚಾದದ್ದನ್ನು ಅವಳು ಕಂಡಿರಲಿಲ್ಲ.

ಗಂಡ ಮೃತ್ಯುಂಜಯ ಪಂಚನಹಳ್ಳಿಯ ತೋಟದಲ್ಲಿ ಬೋರ್‌ವೆಲ್ಲಿನ ಮೋಟರು ಎತ್ತಿಸುತ್ತಿದ್ದ. ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಭಾರವಾಯಿತೆಂದು ಲಿನಕ್ಸ್ ಹಾಕಿದವನು ಅವನೇ. ಅಂದಿನಿಂದ ಏನು ಕೆಟ್ಟರೂ ಅವಳು "ರೀ, ಸ್ವಲ್ಪ ಬನ್ನಿ ಇಲ್ಲಿ" ಅನ್ನುವುದು, ಅವನು ಕುರ್ಚಿ ಎಳೆದುಕೊಂಡು ಒಂದು ಕಪ್ಪು ಪರದೆ ತೆರೆದು ಬಿಳಿ ಅಕ್ಷರಗಳನ್ನು ಟಕಟಕ ಕುಟ್ಟುವುದು ರೂಢಿಯಾಗಿತ್ತು. ಅಯ್ನೋರ ಮಂತ್ರದ ಹಾಗೆ, ಅರ್ಥ ಕೇಳುವಂತಿಲ್ಲ, ಕೆಲಸ ಆಗುತ್ತದೆ. ಆ ಕಪ್ಪು ಪರದೆಯಿಲ್ಲದೆ ಲಿನಕ್ಸ್ ನಡೆಯುವುದೇ ಇಲ್ಲವೆಂದು ಅವಳು ತಿಳಿದಿದ್ದಳು. ಇಡೀ ದಿನದಲ್ಲಿ ಅವನು ತನ್ನ ಪಕ್ಕ ಬಂದು ಕೂರುವುದು ಆ ಹೊತ್ತಿನಲ್ಲಿ ಮಾತ್ರ ಎಂಬುದೂ ಅವಳಿಗೆ ತಿಳಿದಿತ್ತು. ಅದನ್ನು ಯಾರ ಮುಂದೂ ಆಡಿರಲಿಲ್ಲ.

ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಟರ್ಮಿನಲ್ ಅಂತ ಇದ್ಯಲ್ಲ, ತೆಗಿ," ಎಂದ ಮೃತ್ಯುಂಜಯ. "ಕಪ್ಪಗೆ ಬಂತಾ?"

"ಬಂತು."

"ಈಗ ಸುಡೊ ಅಂತ ಹೊಡಿ."

ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕರಿಬಸಮ್ಮ ಥಟ್ಟನೆ ತಲೆಯೆತ್ತಿದರು. "ಏನಂದ ಅವ್ನು? ಸುಡು ಅಂದ್ನಾ? ತುಂಬಿದ ಮನೇಲಿ ಅದೆಂಥ ಮಾತೇ!"

"ಸುಡು ಅಲ್ಲ ಅತ್ತೆ, ಕಂಪ್ಯೂಟರ್ ಮಾತು."

"ಯಾರ್ ಮಾತಾದ್ರೇನು. ಬಿಡ್ತು ಅನ್ನು."

"ಬಿಡ್ತು," ಎಂದು ಸೌಮ್ಯ ಎಸ್, ಯು, ಡಿ, ಯು ಒತ್ತಿದಳು. "ಅಂಥದ್ದೇ ಇಲ್ಲ ಅಂತಿದೆ ರೀ."

"ಕೊನೇಲಿ ಓ ಕಣೇ, ಓ! ನೀನೂ ಅಮ್ಮನ ಜೊತೆ ಸೇರ್ಕೊಂಡ್ಯಾ?"

ಓ ಹಾಕಿ, ಅವನು ಹೇಳಿದ ಉಳಿದ ಅಕ್ಷರಗಳನ್ನೂ ಹೊಡೆದಳು. ಅದು ಪಾಸ್‌ವರ್ಡ್ ಕೇಳಿತು. ಮನೆಮಂದಿಗೆಲ್ಲ ಗೊತ್ತಿದ್ದದ್ದೇ, ಹಿತ್ತಲ ಹಸು ಗೌರಿಯ ಹೆಸರು. ಒತ್ತಿದಳು. ಪರದೆಯ ಮೇಲೆ ಏನೂ ಬೀಳಲಿಲ್ಲ. ಮತ್ತೆ ಜೋರಾಗಿ ಒತ್ತಿದಳು. ಒಂದು ಚುಕ್ಕಿಯೂ ಇಲ್ಲ.

"ರೀ, ಕೀಬೋರ್ಡ್ ಕೆಟ್ಟೋಯ್ತು. ಅಕ್ಷರಾನೇ ಬೀಳ್ತಿಲ್ಲ."

"ಅದು ಹಂಗೇ ಕಣೇ, ಕಾಣ್... ಲೇ ಗಿಡ್ಡಪ್ಪಾ, ಹಗ್ಗ ಬಿಡಬೇಡ್ವೋ!"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಸೌಮ್ಯ ಕಪ್ಪು ಪರದೆಯನ್ನು ಮುಚ್ಚಿದಳು. ಹಿಂದೆ ಬಣ್ಣದ ಪರದೆ, ಅಂಚಿನಲ್ಲಿ ಸಾಲಾಗಿ ಸಣ್ಣ ಚಿತ್ರಗಳು. ಲೇಬಲ್ ಬರೆಯುವ ಚಿತ್ರವೊಂದನ್ನು ಬಿಟ್ಟು ಬೇರೆ ಯಾವುದನ್ನೂ ಅವಳು ಮುಟ್ಟಿದವಳಲ್ಲ. ಅವುಗಳೊಳಗೆ ಏನಿರಬಹುದು? ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಅತ್ತೆ ಮಲಗಿದ ಹೊತ್ತು ಅಟ್ಟ ಹತ್ತಿ ಯಾವ ಗುಡಾಣದಲ್ಲಿ ಏನಿದೆಯೆಂದು ಮುಚ್ಚಳ ತೆಗೆತೆಗೆದು ನೋಡಿದ್ದು ನೆನಪಾಯಿತು. ಯಾರೂ ಬೇಡ ಅಂದಿರಲಿಲ್ಲ. ನೋಡು ಅಂತಲೂ ಅಂದಿರಲಿಲ್ಲ.

ಅದೇ ಕಳ್ಳ ಖುಷಿಯಲ್ಲಿ ಹಲ್ಲಿನ ಚಕ್ರದ ಚಿತ್ರದ ಮೇಲೆ ಒತ್ತಿದಳು. ಉದ್ದನೆಯ ಪಟ್ಟಿ ತೆರೆದುಕೊಂಡಿತು. ವೈಫೈ, ಸದ್ದು, ಬೆಳಕು. ಹಿನ್ನೆಲೆಯ ಚಿತ್ರ ಬದಲಿಸುವ ಕಡೆ ಅವಸರ ಮರೆತು ಸ್ವಲ್ಪ ಹೊತ್ತು ನಿಂತಳು. ಪಟ್ಟಿಯ ಕೆಳಗೆ ಪ್ರಿಂಟರ್ ಎಂದಿತ್ತು. ಒಳಹೊಕ್ಕರೆ ಬೀಗದ ಗುರುತು, ಅನ್‌ಲಾಕ್ ಎಂಬ ಗುಂಡಿ. ಒತ್ತಿದಳು. ಪುಟ್ಟ ಕಿಟಕಿಯೊಂದು ಪಾಸ್‌ವರ್ಡ್ ಕೇಳಿತು.

ಗೌರಿಯ ಹೆಸರು ಹೊಡೆದಂತೆ ಈ ಸಲ ಒಂದೊಂದು ಅಕ್ಷರಕ್ಕೆ ಒಂದೊಂದು ಚುಕ್ಕಿ ಬಿತ್ತು, ಹೊಸ್ತಿಲ ಮುಂದೆ ರಂಗೋಲಿಗೆ ಇಟ್ಟ ಹಾಗೆ. ಬೀಗ ತೆರೆಯಿತು. ಸೇರಿಸು ಎಂಬ ಗುಂಡಿ ಒತ್ತಿದಾಗ ಪ್ರಿಂಟರಿನ ಹೆಸರು ಎದುರಿಗೇ ಇತ್ತು.

"ಇಷ್ಟೊತ್ತೂ ಇಲ್ಲೇ ಇದ್ಯೇನೇ?" ಎಂದಳು ಅದಕ್ಕೆ.

ಮೊದಲ ಹಾಳೆ ಹೊರಬಂದಾಗ ಕರಿಬಸಮ್ಮ ಎದ್ದು ಬಂದು ಕನ್ನಡಕದ ಹತ್ತಿರ ಹಿಡಿದು ನೋಡಿದರು. "ನಿನ್ನ ಹೆಸ್ರು ಚೆನ್ನಾಗಿ ಬಂದೈತೆ. ಪುಡಿಗೆ ಉಪ್ಪು ಹೇಳ್ಕೊಟ್ಟೋಳ ಹೆಸ್ರೆಲ್ಲಿ?"

"ಮುಂದಿನ ಸಲ ಅತ್ತೆ, ಈಗ ಕತ್ರಿ ತಕ್ಕೊಳ್ಳಿ."

ಇಬ್ಬರೂ ಕೂತು ಕತ್ತರಿಸಿ ಅಂಟಿಸಿದರು. ಷಡಕ್ಷರಿ ಹಾರ್ನ್ ಹೊಡೆದಾಗ ಕೊನೆಯ ಪೊಟ್ಟಣದ ಅಂಟು ಇನ್ನೂ ಹಸಿ. ಅವನು ಒಂದನ್ನೆತ್ತಿ ಓದಿ, ಬುಟ್ಟಿಯನ್ನು ಗಾಡಿಗೆ ಏರಿಸಿದ.

ಮೃತ್ಯುಂಜಯ ಕೆಸರು ಕಾಲಲ್ಲಿ ಬಂದವನು ಕಾಲು ತೊಳೆದು ನೇರ ಮೇಜಿಗೆ ಬಂದ. "ಎಲ್ಲಿ, ನೋಡ್ತೀನಿ," ಎಂದು ಕುರ್ಚಿ ಎಳೆದ.

"ಆಯ್ತು. ಷಡಕ್ಷರಿ ತಕ್ಕೊಂಡೂ ಹೋದ."

"ಹೌದಾ? ಏನ್ ಹೊಡ್ದೆ?"

"ಹೊಡೀಲಿಲ್ಲ. ಹುಡುಕಿ ಹುಡುಕಿ ಒತ್ತಿದೆ."

"ಓ," ಎಂದ. ಅರ್ಧ ಎಳೆದ ಕುರ್ಚಿಯ ಮೇಲೆ ಅವನ ಕೈ ಹಾಗೇ ನಿಂತಿತು. ಮತ್ತೆ ಅದನ್ನು ಒಳಗೆ ತಳ್ಳಲು ಹೋದ.

ಸೌಮ್ಯ ಕುರ್ಚಿಯ ಬೆನ್ನು ಹಿಡಿದಳು. "ಕೂತ್ಕೊಳ್ರೀ. ಆ ಸುಡೊ ಅಂದ್ರೇನು, ನೀವು ಯಾವತ್ತೂ ಹೇಳೇ ಇಲ್ಲ."

"ಅದಾ? ಯಜಮಾನ ಹೇಳ್ತಿದೀನಿ, ಮಾಡು ಅಂತ. ಅದಕ್ಕೇ ಪಾಸ್‌ವರ್ಡ್ ಕೇಳೋದು."

ಅವಳು ಯೋಚಿಸಿದಳು. ಪುಟ್ಟ ಕಿಟಕಿಯೂ ಕೇಳಿದ್ದು ಅದನ್ನೇ. "ಹಂಗಾದ್ರೆ ಮಧ್ಯಾಹ್ನ ಇದರ ಯಜಮಾನ ನಾನೇ ಆಗಿದ್ದೆ."

ಮೃತ್ಯುಂಜಯನಿಗೆ ನಗು ಬಂತು. "ಗೌರಿ ಹೆಸರು ಗೊತ್ತಿದ್ದೋರೆಲ್ಲ ಯಜಮಾನ್ರೇ ಬಿಡು."

"ಮತ್ತೆ ತೋರ್ಸಿ, ಆ ಕಪ್ಪಲ್ಲಿ ಇನ್ನೂ ಏನೇನಿದೆ."

"ಬೇಕಾ ನಿಂಗೆ?"

"ಬೇಕಾಗಿಲ್ಲ. ನೋಡೋಣ ಅಂತ."

ಅವನು ಕೂತ. ನಡುಮನೆಯಿಂದ ಕರಿಬಸಮ್ಮನ ದನಿ ಬಂತು: "ಏನಾರ ಹೊಡ್ಕೊಳ್ರಪ್ಪಾ. ಮೊದ್ಲು ಬಿಡ್ತು ಅಂದ್ಬಿಟ್ಟು ಹೊಡೀರಿ."