ಹೊರ್ದಿಯ ಅಡುಗೆಮನೆಯ ಪ್ಲಗ್ಗು

"ಕೀಲಿಮಣೆ ಮೇಲೆ ಕೈ ಇಟ್ಟಿರೋವರೆಗೂ ನೀನು ಗುರಿ ಕಣಪ್ಪ," ಎಂದು ಹೊರ್ದಿಗೆ ಹೇಳಿದಳು ಸೈನ್ಯದ ವಕೀಲೆ ಕ್ಯಾಪ್ಟನ್ ಸೊಲೊಮಿಯಾ. "ಸಮವಸ್ತ್ರ ಇಲ್ಲ ಅಂತ ಬಚಾವಾಗಲ್ಲ. ನಿನ್ನ ಮೇಲೆ ಕ್ಷಿಪಣಿ ಬಿಟ್ರೆ ಯುದ್ಧದ ಕಾನೂನು ಅದನ್ನ ತಪ್ಪು ಅನ್ನೋದೂ ಕಷ್ಟ."

ಉಕ್ರೇನಿನ ಖಾರ್ಕಿವ್‌ನ ಆ ಕಟ್ಟಡದಲ್ಲಿ ಕರೆಂಟು ಹೋದಾಗಲೆಲ್ಲ ನೆರೆಯವರು ಸೇರುತ್ತಿದ್ದದ್ದು ಹೊರ್ದಿಯ ಅಡುಗೆಮನೆಯಲ್ಲೇ, ಅವನ ದೊಡ್ಡ ಬ್ಯಾಟರಿಯ ಸುತ್ತ. ಎಲ್ಲರ ಫೋನು, ಟಾರ್ಚು, ಕೆಳಮನೆಯ ಮೊತ್ರ್ಯಾ ಅಜ್ಜಿಯ ಆಮ್ಲಜನಕದ ಯಂತ್ರ, ಎಲ್ಲಕ್ಕೂ ಅದೇ ಗತಿ. ಅದೇ ಬ್ಯಾಟರಿಯಿಂದ ಲ್ಯಾಪ್‌ಟಾಪು ನಡೆಸಿ ಅವನು ಶತ್ರುವಿನ ಡ್ರೋನುಗಳಿಗೆ ದಾರಿ ತೋರಿಸುವ ಕಂಪ್ಯೂಟರುಗಳಿಗೆ ಕನ್ನ ಹಾಕಿ ಕೆಡವುತ್ತಿದ್ದ. ಪಕ್ಕದಲ್ಲಿ ಚಹಾ ಹೀರುತ್ತ ಕೂತವರಿಗೆ ಅದರ ಸುಳಿವೇ ಇರಲಿಲ್ಲ.

"ಅವ್ರೇನು ಕಾನೂನು ಓದ್ಕೊಂಡು ಹೊಡೀತಾರಾ ಮೇಡಂ?"

"ಇಲ್ಲ. ಆದ್ರೆ ನಾವು ಓದ್ಬೇಕು. ಜನರನ್ನ ಸುತ್ತ ಕೂರಿಸ್ಕೊಂಡು ಯುದ್ಧ ಮಾಡೋ ಹಾಗಿಲ್ಲ. ಬೇರೆ ಜಾಗ ಸಿಗೋವರೆಗೆ ಒಂದೋ ಕೆಲಸ ನಿಲ್ಲಿಸು, ಇಲ್ಲಾ ಅವರನ್ನ ಕಳಿಸು. ಯಾಕೆ ಅಂತ ಬಾಯಿ ಬಿಟ್ಟೀಯ, ಜೋಕೆ!"

ನಿಲ್ಲಿಸುವುದು ಹೇಗೆ? ತಮ್ಮ ಮಾರ್ಕೊ ಯುದ್ಧರಂಗದ ಕಂದಕದಲ್ಲಿದ್ದ. ಇವನು ಕೈಕಟ್ಟಿ ಕೂತರೆ ಡ್ರೋನುಗಳು ಸೀದಾ ಅವನ ತಲೆಯ ಮೇಲೆ.

ಕ್ಯಾಪ್ಟನ್ ಹೋದ ಸ್ವಲ್ಪ ಹೊತ್ತಿಗೆ ಮತ್ತೆ ಕರೆಂಟು ಹೋಯಿತು. ಮೊತ್ರ್ಯಾ ಅಜ್ಜಿ ಏದುಸಿರು ಬಿಡುತ್ತ ಯಂತ್ರ ಎಳೆದುಕೊಂಡು ಬಾಗಿಲಿಗೆ ಬಂದಳು.

"ಇಲ್ಲಿ ಆಗಲ್ಲ ಅಜ್ಜಿ," ಎಂದ ಹೊರ್ದಿ, ಅವಳ ಮುಖ ನೋಡದೆ. "ಕೊನೇ ಮಹಡಿಯವರ ಹತ್ರಾನೂ ಬ್ಯಾಟರಿ ಇದೆ."

"ಲಿಫ್ಟು ಸತ್ತು ಬಿದ್ದಿದೆ. ನಾನೇನು ಹಾರ್ಕೊಂಡು ಹೋಗ್ಲಾ?"

"ನಾನು ಎತ್ಕೊಂಡು ಬರ್ತೀನಿ, ಕೊಡಿ."

"ಮುಟ್ಟಬೇಡ! ನಿಮ್ಮಮ್ಮ ಕೆಲಸಕ್ಕೆ ಹೋದಾಗೆಲ್ಲ ನಿಂಗೆ ಬೋರ್ಷ್ ಸಾರು ತಿನ್ನಿಸಿದ ಕೈ ಇದು. ಈಗ ಒಂದು ಪ್ಲಗ್ಗಿಗೂ ಯೋಗ್ಯತೆ ಇಲ್ವಾ ನಂಗೆ? ನಾಚಿಕೆಗೆಟ್ಟೋನೆ!"

ಹೊರ್ದಿಗೆ ನಿಜ ಹೇಳಿಬಿಡೋಣ ಎನ್ನಿಸಿತು, ಆದರೆ ಕ್ಯಾಪ್ಟನ್ ಬಾಯಿ ಕಟ್ಟಿದ್ದಳು. ಹಾಳು ಯುದ್ಧ, ಒಳ್ಳೆಯದು ಮಾಡಲು ಹೊರಟವನನ್ನೂ ಕಟುಕನನ್ನಾಗಿ ಮಾಡುತ್ತದೆ.

ಬಾಗಿಲು ಹಾಕಿ ಕೆಲಸಕ್ಕೆ ಕೂತ. ಅಜ್ಜಿ ಮೇಲಕ್ಕೆ ಎಳೆಯುತ್ತಿದ್ದ ಯಂತ್ರದ ಚಕ್ರಗಳು ಒಂದೊಂದೇ ಮೆಟ್ಟಿಲಿಗೆ ಬಡಿಯುವ ಸದ್ದು ಕೇಳಿಸುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಇತ್ತ ಶತ್ರುವಿನ ಕಂಪ್ಯೂಟರು ಕೈಗೆ ಸಿಕ್ಕಿತ್ತು, ಇನ್ನೇನು ಬೀಳಬೇಕು. ಬಿತ್ತು. "ಆಕಾಶ ಖಾಲಿ, ಬದುಕಿದ್ವಿ ಕಣೋ ಅಣ್ಣ," ಎಂದು ಮಾರ್ಕೊನ ಸಂದೇಶ ಬಂತು.

ಆಗ ಅವನಿಗೆ ಮೆಟ್ಟಿಲು ನೆನಪಾಯಿತು. ಯಾವಾಗಿನಿಂದ ಸದ್ದಿಲ್ಲವೋ!

ಟಾರ್ಚು ಹಿಡಿದು ಓಡಿದ. ಅರ್ಧ ದಾರಿಯಲ್ಲಿ ಅಜ್ಜಿ ಗೋಡೆಗೊರಗಿ ಕೂತಿದ್ದಳು, ತಲೆವಸ್ತ್ರ ಹೆಗಲಿಗೆ ಜಾರಿತ್ತು.

"ಅಜ್ಜೀ, ಬನ್ನಿ, ನಮ್ಮನೆಗೇ ಬನ್ನಿ," ಎಂದು ಭುಜ ಅಲುಗಾಡಿಸಿದ. ಅವಳು ಬೈಯಲಿಲ್ಲ. ಯಂತ್ರವನ್ನು ಬಿಡಿಸಿಕೊಳ್ಳಲು ಹೋದ. ಅವಳ ತಣ್ಣಗಾದ ಬೆರಳುಗಳು ಅದರ ಹಿಡಿಯನ್ನು ಬಿಡಲಿಲ್ಲ.