ಚಿಗಳ್ಳಿಯಲ್ಲಿ ಎಲ್ಲರೂ ಆರಾಮ

೧೯೬೨ರ ಆ ಸುಗ್ಗಿಯಲ್ಲಿ ಈಶಪ್ಪನ ಮನಶ್ಶಾಸ್ತ್ರದ ಪಾಸು-ನಪಾಸು ಚಿಗಳ್ಳಿಯ ತಲೆನೋವಿನ ಮೇಲೆ ನಿಂತಿತ್ತು. ಧಾರವಾಡದಲ್ಲಿ ಸಂಶೋಧನಾ ವಿಧಾನ ಕಲಿಸುವ ಬಸಲಿಂಗಯ್ಯ ಮಾಸ್ತರರು, ಊರವರ ನೋವು, ನಿದ್ದೆ, ಚಿಂತೆ ಕೇಳಿಕೊಂಡು ಬಾ ಎಂದು ಅವನನ್ನು ಕಳಿಸಿದ್ದರು. ಕಟ್ಟಪ್ಪಣೆ ಒಂದೇ: ಯಾರ ಮನೆಯಲ್ಲೂ ಏನೂ ಮುಟ್ಟಬಾರದು, ಉಂಡು ತಿಂದವನಿಗೆ ಜನ ಅವನ ಮನಸ್ಸಿಗೆ ಹಿಡಿಸುವ ಉತ್ತರವನ್ನೇ ಕೊಡುತ್ತಾರೆ.

ಈಶಪ್ಪ ಅಪ್ಪಣೆಯನ್ನು ಚಾಚೂ ತಪ್ಪದೆ ನಡೆಸಿದ. ಮನೆಮನೆಯಲ್ಲೂ ಕೊಡಬಂದ ಚಾ ಮಾತ್ರ ತಪ್ಪಿಸಿದ. ಊರಿಗೆ ಊರೇ ಆರಾಮ ಎಂದಿತು. ಕೆಮ್ಮುವವರೂ ಆರಾಮ, ಕುಂಟುವವರೂ ಆರಾಮ. ಇಷ್ಟೊಂದು ಸುಖವನ್ನು ಧಾರವಾಡಕ್ಕೆ ಒಯ್ದರೆ ಮಾಸ್ತರರು ತನ್ನನ್ನು ಇನ್ನೊಂದು ವರ್ಷ ಅದೇ ಬೆಂಚಿನಲ್ಲಿ ಕೂಡಿಸುವುದು ಖಾತ್ರಿ.

ಕೊನೆಯ ಮನೆಯ ಶಿವಗಂಗವ್ವ ಹಣೆಗೆ ಬಟ್ಟೆ ಬಿಗಿದುಕೊಂಡೇ ಆರಾಮ ಎಂದಳು. ಇವನು ಚಾ ಒಲ್ಲೆನೆಂದದ್ದೇ ತಡ, ಸೊಂಟದ ಮೇಲೆ ಕೈಯಿಟ್ಟಳು.

"ನಮ್ಮನಿ ನೀರು ಆಗಂಗಿಲ್ಲೇನು ತಮ್ಮಾ? ಬಂದವರು ಬಾಯಿ ತೋಯಿಸೂಕಿಂತ ಮೊದಲ ನಮ್ಮ ಬ್ಯಾನಿ ಹೇಳಿಕೋತ ಕುಂದ್ರೂದು ಯಾವ ಊರ ರೀತಿ?"

ಹಳಿಯಾಳದ ತನ್ನ ಅವ್ವನೂ ಹೀಗೆಯೇ ಎಂಬುದು ಈಶಪ್ಪನಿಗೆ ಆಗ ಹೊಳೆಯಿತು. ಕುಡಿದ. ಕಪ್ಪು ಅರ್ಧಕ್ಕಿಳಿದಾಗ ಶಿವಗಂಗವ್ವನ ತಲೆನೋವು ಹೊರಬಂತು. ಬರಿದಾದಾಗ, ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ಮಗನ ಚಿಂತೆ.

ಮರುದಿನ ಅವನು ಎಲ್ಲ ಮನೆಗಳಿಗೂ ಮತ್ತೆ ಹೋಗಿ ಚಾ ಕುಡಿದ. ಚಿಗಳ್ಳಿಯ ಬೇನೆಯೆಲ್ಲ ಹರಿದು ಬಂತು; ಅವನ ಹೊಟ್ಟೆಯೂ ಕೆಟ್ಟಿತು.

ಧಾರವಾಡಕ್ಕೆ ಮರಳಿ ನಡೆದದ್ದನ್ನು ಮುಚ್ಚಿಡದೆ ಹೇಳಿದಾಗ ಮಾಸ್ತರರು ಕನ್ನಡಕ ತೆಗೆದರು.

"ಚಾ ಮಾತಾಡ್ಸಿತೋ, ಎರಡನೇ ಸಲ ಕಂಡ ನಿನ್ನ ಮಾರಿ ಮಾತಾಡ್ಸಿತೋ? ಹೆಂಗ ಹೇಳ್ತಿ?"

ಈಶಪ್ಪ ತಲೆ ಕೆರೆದುಕೊಂಡ. ಆಮೇಲೆ ಅಂದ: "ಬಾಜೂ ಊರು ಪಾಳಾಕ್ಕ ಹೋಗೂಣ್ರಿ ಸರ್. ಅಲ್ಲಿ ನನ್ನ ಯಾರೂ ನೋಡಿಲ್ಲ. ಯಾವ ಮನ್ಯಾಗ ಚಾ, ಯಾವ ಮನ್ಯಾಗ ಇಲ್ಲ ಅಂತ ಚೀಟಿ ಎತ್ತೂಣು. ಅರ್ಧ ಮನ್ಯಾಗ ಚಾ ಕುಡದು ಕೇಳ್ತೇನಿ, ಅರ್ಧ ಮನ್ಯಾಗ ಕುಡೀದ ಕೇಳ್ತೇನಿ."

ಮಾಸ್ತರರು ಮರುದಿನ ಮುಂಜಾನೆಯ ಬಸ್ಸಿಗೆ ತಾವೇ ಮೊದಲು ಹತ್ತಿ ಕೂತಿದ್ದರು.

ಪಾಳಾದಲ್ಲಿ ಚಾ ಕುಡಿದ ಮನೆಗಳು ಮಂಡಿನೋವಿನಿಂದ ಸೊಸೆಯ ಮುನಿಸಿನವರೆಗೆ ಎಲ್ಲ ಬಿಚ್ಚಿಟ್ಟವು. ಚಾ ಕುಡಿಯದ ಒಣ ಮನೆಗಳಲ್ಲಿ ಎಲ್ಲರೂ ಆರಾಮ. ಉತ್ತರಗಳನ್ನು ಎರಡೆರಡು ಸಲ ತಾಳೆ ನೋಡಿದ ಮಾಸ್ತರರು, ಈಶಪ್ಪನ ಬೆನ್ನಿಗೊಂದು ಗುದ್ದು ಕೊಟ್ಟರು.

"ಪಾಸಾದಿ. ಈಗ ನಡಿ, ಆ ಒಣ ಮನಿಗೋಳಿಗೂ ಹೋಗಿ ಚಾ ಕುಡಿಯೂಣು. ಪಾಪ, ಅವರೂ ಹೇಳ್ಕೊಳ್ಳಲಿ."